ಅಭಿಮಾನಿಗಳೇ ಆಡುವ ಬಯಲಾಟಕ್ಕೊಂದು ವಾರಾಂತ್ಯ: ಕುಮಟಾ, ಹೊನ್ನಾವರ, ಶಿರಸಿಗೆ ಹೋಗಿಬರುವ ಕ್ರಮ

ಮಳೆಗಾಲ ಮುಗಿದು ಭತ್ತದ ಕೊಯ್ಲು ಆದ ಮೇಲೆ ಉತ್ತರ ಕನ್ನಡದಲ್ಲಿ ಶನಿವಾರ ರಾತ್ರಿ ಎಲ್ಲಾದರೊಂದು ಕಡೆ ಯಕ್ಷಗಾನ ಇರುತ್ತದೆ. ಡೇರೆ ಮೇಳಗಳು ಟಿಕೆಟ್ ಇಟ್ಟು ಆಡುವ ಆಟ ಒಂದು ಬಗೆ. ಯಾರದೋ ಹರಕೆ ತೀರಿಸಲು ದೇವಸ್ಥಾನದ ಮೇಳವನ್ನು ಕರೆಸಿ ಆಡಿಸುವ ಬಯಲಾಟ ಇನ್ನೊಂದು ಬಗೆ. ಇವೆರಡರ ಜೊತೆಗೆ ಮೂರನೆಯದೊಂದಿದೆ. ಊರಿನ ಅಭಿಮಾನಿ ಬಳಗದವರೋ ಹವ್ಯಾಸಿ ಸಂಘದವರೋ ತಾವೇ ಹಣ ಕೂಡಿಸಿ, ತಾವೇ ಗೆಜ್ಜೆ ಕಟ್ಟಿ, ಶಾಲೆಯ ಮೈದಾನದಲ್ಲೋ ಕೊಯ್ಲಾದ ಗದ್ದೆಯಲ್ಲೋ ರಂಗಸ್ಥಳ ಹಾಕಿ, ಬಂದವರೆಲ್ಲರಿಗೂ ಉಚಿತವಾಗಿ ತೋರಿಸುವ ಆಟ ಅದು. ಹಗಲಿಗೆ ಅಡಿಕೆ ತೋಟದಲ್ಲಿ, ಶಾಲೆಯಲ್ಲಿ, ಸೊಸೈಟಿಯಲ್ಲಿ ದುಡಿಯುವವರು ರಾತ್ರಿ ಕೀಚಕನಾಗಿ, ಕೃಷ್ಣನಾಗಿ, ದ್ರೌಪದಿಯಾಗಿ ಬರುವ ಈ ಆಟವನ್ನು ನೋಡಲೆಂದೇ ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗಗಳಿಂದ ಎರಡು ದಿನ ಬಿಡುವು ಮಾಡಿಕೊಂಡು ಹೋಗಿಬರುವುದು ಹೇಗೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಈ ಪ್ರವಾಸದಲ್ಲಿ ಆಟವೇ ಮುಖ್ಯ. ಕಡಲತೀರ, ಜಲಪಾತ, ದೇವಸ್ಥಾನಗಳೆಲ್ಲ ಉಳಿದ ಹೊತ್ತಿಗೆ. ಹಗಲೆಲ್ಲ ತಿರುಗಾಡಿ ದಣಿದು ಬಂದವರು ಒಡ್ಡೋಲಗ (ಪಾತ್ರಗಳು ಮೊದಲಿಗೆ ರಂಗಕ್ಕೆ ಬರುವ ಕುಣಿತ) ಮುಗಿಯುವ ಮೊದಲೇ ತೂಕಡಿಸುತ್ತಾರೆ, ಹನ್ನೆರಡು ಗಂಟೆಗೆ ಎದ್ದು ಹೋಗುತ್ತಾರೆ, ಆಮೇಲೆ ಯಕ್ಷಗಾನ ಬಹಳ ಉದ್ದ ಎಂದು ದೂರುತ್ತಾರೆ. ಇಡೀ ರಾತ್ರಿಯ ಆಟವಾದರೆ ಅದರ ನಿಜವಾದ ಕಾವು ಏರುವುದು ನಡುರಾತ್ರಿಯ ನಂತರ. ಆದ್ದರಿಂದ ಮಂಗಳ ಹಾಡುವವರೆಗೆ ಎಚ್ಚರವಾಗಿ ಕುಳಿತಿರಲು ಸಾಧ್ಯವಾಗುವಂತೆ ಪ್ರಯಾಣ, ಊಟ, ನಿದ್ದೆ ಮೂರನ್ನೂ ಹೊಂದಿಸಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕಾಚಾರದಿಂದಲೇ ಹೊರಟದ್ದು.

ಯಾವಾಗ ಹೋಗಬೇಕು, ಆಟ ಎಲ್ಲಿದೆಯೆಂದು ತಿಳಿಯುವುದು ಹೇಗೆ

ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಕೊನೆಯವರೆಗೆ ಬಯಲಾಟದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಳೆಯಲ್ಲಿ ಬಯಲಲ್ಲಿ ಆಡುವ ಮಾತೇ ಇಲ್ಲ. ಆಗ ಸಭಾಭವನಗಳಲ್ಲಿ ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ತಾಳಮದ್ದಳೆ ಮತ್ತು ಕಾಲಮಿತಿಯ ಆಟಗಳು ನಡೆಯುತ್ತವೆ. ಹೊಸಬರಿಗೆ ಜನವರಿ ಮತ್ತು ಫೆಬ್ರುವರಿ ಅನುಕೂಲದ ತಿಂಗಳುಗಳು, ಏಕೆಂದರೆ ಸೆಕೆ ಇರುವುದಿಲ್ಲ, ಊರ ದೇವಸ್ಥಾನಗಳ ವಾರ್ಷಿಕೋತ್ಸವ ಹಾಗೂ ತೇರುಗಳ ನೆಪದಲ್ಲಿ ಆಟಗಳೂ ಹೆಚ್ಚು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಊರುಗಳಲ್ಲಿ ನೌಕರಿ ಮಾಡುವ ಮಕ್ಕಳು ರಜೆಗೆ ಬರುವುದರಿಂದ ಹವ್ಯಾಸಿಗಳ ಆಟ ಜೋರಾಗಿರುತ್ತದೆ, ಆದರೆ ಕರಾವಳಿಯ ಸೆಕೆಯನ್ನು ತಡೆದುಕೊಳ್ಳಬೇಕಾಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು. ಆ ದಿನಗಳಲ್ಲಿ ಶಿರಸಿಯಲ್ಲಿ ತಂಗಲು ಕೋಣೆ ಸಿಗುವುದೇ ಕಷ್ಟವಾದ್ದರಿಂದ, ಜಾತ್ರೆಯನ್ನೇ ನೋಡುವ ಮನಸ್ಸಿಲ್ಲದಿದ್ದರೆ ಬೇರೆ ವಾರ ಆರಿಸಿಕೊಳ್ಳಿ.

ಇಂಥ ಆಟಗಳಿಗೆ ದೊಡ್ಡ ಜಾಹೀರಾತು ಇರುವುದಿಲ್ಲ. ಊರಿನ ಚಾದಂಗಡಿ, ಸಲೂನು, ಬಸ್ ನಿಲ್ದಾಣದ ಕಂಬಗಳಲ್ಲಿ ಅಂಟಿಸಿದ ಕರಪತ್ರವೇ ಮುಖ್ಯ ಸುದ್ದಿ. ಈಗ ಅದೇ ಕರಪತ್ರದ ಚಿತ್ರ ಯಕ್ಷಗಾನ ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಕಾರವಾರದ ‘ಕರಾವಳಿ ಮುಂಜಾವು’, ಶಿರಸಿಯ ‘ಲೋಕಧ್ವನಿ’ಯಂಥ ಸ್ಥಳೀಯ ದಿನಪತ್ರಿಕೆಗಳ ಒಳಪುಟಗಳಲ್ಲಿಯೂ ಆಟದ ಸುದ್ದಿ ಸಣ್ಣದಾಗಿ ಬರುತ್ತದೆ. ಇವೆಲ್ಲಕ್ಕಿಂತ ನಂಬಿಕೆಯ ದಾರಿಯೆಂದರೆ ಆ ಭಾಗದ ಪರಿಚಿತರೊಬ್ಬರಿಗೆ ವಾರದ ಮೊದಲೇ ಫೋನ್ ಮಾಡಿ, ‘ಈ ಶನಿವಾರ ಹತ್ತಿರದಲ್ಲಿ ಎಲ್ಲಿ ಆಟ ಇದ್ದು?’ ಎಂದು ಕೇಳುವುದು. ಹವ್ಯಕರ ಮನೆಯಾದರೆ ಸ್ಥಳದ ಜೊತೆಗೆ ಹಾಡಿ ಆಟ ನಡೆಸುವ ಭಾಗವತರು ಯಾರು, ಯಾವ ವೇಷ ಯಾರದು ಎಂಬುದೂ ಒಂದೇ ಉಸಿರಿನಲ್ಲಿ ಸಿಗುತ್ತದೆ.

ಕರಪತ್ರವನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ‘ಪ್ರವೇಶ ಉಚಿತ’ ಅಥವಾ ‘ಸರ್ವರಿಗೂ ಆದರದ ಸ್ವಾಗತ’ ಎಂದಿದೆಯೇ ನೋಡಿಕೊಳ್ಳಿ. ಆಮೇಲೆ ಸಮಯ ನೋಡಿ: ‘ರಾತ್ರಿ 9ರಿಂದ ಬೆಳಗಿನವರೆಗೆ’ ಎಂದಿದ್ದರೆ ಇಡೀ ರಾತ್ರಿಯ ಆಟ, ‘ಕಾಲಮಿತಿ’ ಎಂದಿದ್ದರೆ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಈಗ ಹವ್ಯಾಸಿಗಳ ಆಟಗಳಲ್ಲಿ ಕಾಲಮಿತಿಯವೇ ಹೆಚ್ಚಾಗಿವೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅವು ಒಳ್ಳೆಯವು ಕೂಡ. ಆದರೂ ಒಮ್ಮೆಯಾದರೂ ಇಡೀ ರಾತ್ರಿಯ ಆಟವನ್ನು ಹುಡುಕಿ ನೋಡಬೇಕೆಂಬುದು ನನ್ನ ಒತ್ತಾಯ. ಕೆಳಗೆ ‘ಹಿಮ್ಮೇಳ’ ಎಂಬಲ್ಲಿ ಭಾಗವತರು, ಮದ್ದಳೆ, ಚಂಡೆಯವರ ಹೆಸರುಗಳೂ ‘ಮುಮ್ಮೇಳ’ ಎಂಬಲ್ಲಿ ವೇಷಧಾರಿಗಳ ಹೆಸರುಗಳೂ ಇರುತ್ತವೆ. ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಹಿಮ್ಮೇಳಕ್ಕೆ ನುರಿತವರನ್ನು ಕರೆಸುತ್ತವೆ, ಒಂದೆರಡು ಪ್ರಮುಖ ವೇಷಗಳಿಗೆ ಅತಿಥಿ ಕಲಾವಿದರನ್ನೂ ಕರೆಸುತ್ತವೆ. ನನ್ನ ಅಭಿಪ್ರಾಯದಲ್ಲಿ ಆಟವನ್ನು ಆರಿಸುವಾಗ ವೇಷಧಾರಿಗಳ ಹೆಸರಿಗಿಂತ ಭಾಗವತರ ಹೆಸರನ್ನು ನೋಡುವುದು ಉತ್ತಮ. ಹಾಡುಗಾರಿಕೆ ಗಟ್ಟಿಯಾಗಿದ್ದರೆ ಹೊಸ ವೇಷಧಾರಿಯೂ ಕುಣಿಯುತ್ತಾನೆ. ಹಿಮ್ಮೇಳ ಸಡಿಲವಾದರೆ ಎಂಥ ಕಲಾವಿದನೂ ಆಟವನ್ನು ಎತ್ತಿ ನಿಲ್ಲಿಸಲಾರ.

ಹೊರಡುವ ಹಿಂದಿನ ದಿನ ಕರಪತ್ರದಲ್ಲಿರುವ ಸಂಘಟಕರ ಸಂಖ್ಯೆಗೆ ಒಮ್ಮೆ ಫೋನ್ ಮಾಡಿ ಆಟ ಖಚಿತವೇ ಎಂದು ಕೇಳಿಕೊಳ್ಳಿ. ಊರಿನಲ್ಲಿ ಸಾವು ಸಂಭವಿಸಿದರೆ, ಅಕಾಲದ ಮಳೆ ಬಂದರೆ ಆಟ ಮುಂದಕ್ಕೆ ಹೋಗುತ್ತದೆ. ನೀವು ಇಷ್ಟು ದೂರದಿಂದ ಬರುತ್ತೀರೆಂದು ತಿಳಿದರೆ ಹೆಚ್ಚಿನ ಸಂಘಟಕರು ದಾರಿಯನ್ನೂ ವಿವರಿಸಿ ಹೇಳುತ್ತಾರೆ, ರಾತ್ರಿ ಊಟಕ್ಕೂ ಕರೆಯುತ್ತಾರೆ.

ಪ್ರಯಾಣ ಮತ್ತು ತಂಗುವ ಜಾಗ

ಬೆಂಗಳೂರಿನಿಂದ ಶುಕ್ರವಾರ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಶನಿವಾರ ಬೆಳಿಗ್ಗೆ ಕರಾವಳಿಯನ್ನು ತಲುಪಿಸುತ್ತದೆ. ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ, ಹೀಗೆ ಕೊಂಕಣ ರೈಲಿನ ನಿಲ್ದಾಣಗಳು ಸಾಲಾಗಿ ಇರುವುದರಿಂದ ಆಟದ ಊರಿಗೆ ಹತ್ತಿರದ್ದನ್ನು ನೋಡಿ ಟಿಕೆಟ್ ಮಾಡಿಸಬಹುದು. ಸೀಟು ಬೇಗ ತುಂಬುತ್ತದೆ. ಹುಬ್ಬಳ್ಳಿಯವರು ಯಲ್ಲಾಪುರ, ಅರಬೈಲು ಘಟ್ಟದ ಮೇಲಿಂದ ಅಂಕೋಲಾಕ್ಕೆ ಇಳಿಯಬಹುದು, ಇಲ್ಲವೇ ಮುಂಡಗೋಡದ ಮೇಲಿಂದ ಶಿರಸಿಗೆ ಬರಬಹುದು. ಶಿರಸಿಗೆ ರೈಲು ಇಲ್ಲ, ಬಸ್ಸೇ ಗತಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದ ದಾರಿ ಸುಮಾರು 60 ಕಿಲೋಮೀಟರ್. ರಸ್ತೆ ಅಗಲಿಸುವ ಕೆಲಸಕ್ಕಾಗಿ ಈ ದಾರಿಯನ್ನು ಆಗಾಗ ಮುಚ್ಚಿದ್ದುಂಟು, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ತಂಗುವುದಕ್ಕೆ ಪೇಟೆಯೇ ಒಳ್ಳೆಯದು. ಆಟ ಹೊನ್ನಾವರ, ಕುಮಟಾ ತಾಲೂಕಿನಲ್ಲಿದ್ದರೆ ಆಯಾ ಪೇಟೆಯ ಬಸ್ ನಿಲ್ದಾಣದ ಸಮೀಪದ ಸಾಧಾರಣ ಲಾಡ್ಜ್ ಸಾಕು. ಘಟ್ಟದ ಮೇಲಿನ ಆಟವಾದರೆ ಶಿರಸಿ ಅಥವಾ ಸಿದ್ದಾಪುರ. ಕಡಲತೀರದ ದುಬಾರಿ ರೆಸಾರ್ಟ್ ಹಿಡಿದು ಅದರ ದುಡ್ಡು ದಂಡವಾಗಬಾರದೆಂದು ಹಗಲೆಲ್ಲ ನೀರಿನಲ್ಲಿ ಕಳೆಯುವುದು ಈ ಪ್ರವಾಸಕ್ಕೆ ಹೊಂದುವುದಿಲ್ಲ. ಕೋಣೆ ಹಿಡಿಯುವಾಗಲೇ, ಬೆಳಗಿನ ಜಾವ ಆರರ ಹೊತ್ತಿಗೆ ಹಿಂತಿರುಗುತ್ತೇವೆ, ಬಾಗಿಲು ತೆರೆಯುವವರು ಇರಬೇಕು, ಭಾನುವಾರ ಮಧ್ಯಾಹ್ನದವರೆಗೆ ಮಲಗಲು ಬಿಡಬೇಕು ಎಂದು ಸ್ಪಷ್ಟವಾಗಿ ಹೇಳಿಡಿ. ‘ಆಟಕ್ಕೆ ಹೋಗ್ತೇವೆ’ ಎಂದರೆ ಅಲ್ಲಿಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೋಗುವುದಕ್ಕಿಂತ ಹಿಂತಿರುಗುವುದೇ ಕಷ್ಟ. ಒಳಗಿನ ಊರುಗಳಿಗೆ ಸಂಜೆಯ ಬಸ್ಸು ಸಿಗುತ್ತದೆ. ಬೆಳಗಿನ ಮೊದಲ ಬಸ್ಸು ಮಾತ್ರ ಆಟ ಮುಗಿದು ಬಹಳ ಹೊತ್ತಾದ ಮೇಲೆ ಬರಬಹುದು. ಪೇಟೆಯ ರಿಕ್ಷಾದವರೊಬ್ಬರ ಜೊತೆ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ; ಎಷ್ಟೋ ಸಲ ಅವರೂ ನಿಮ್ಮ ಜೊತೆಗೆ ಕುಳಿತು ಆಟ ನೋಡುತ್ತಾರೆ. ಸ್ವಂತ ಕಾರಿನವರಿಗೆ ಒಂದು ಎಚ್ಚರಿಕೆ: ಇಡೀ ರಾತ್ರಿ ಎಚ್ಚರವಿದ್ದು ಬೆಳಿಗ್ಗೆ ಘಟ್ಟದ ತಿರುವುಗಳಲ್ಲಿ ವಾಹನ ನಡೆಸಬೇಡಿ. ಪೇಟೆಗೆ ಬಂದು ಮಲಗಿ ಎದ್ದ ಮೇಲೆಯೇ ದೂರದ ದಾರಿ ಹಿಡಿಯಬೇಕು.

ಶನಿವಾರದ ಹಗಲು

ಬೆಳಿಗ್ಗೆ ಇಳಿದವರು ಬನ್ಸ್, ಭಾಜಿ ತಿಂದು, ಸ್ನಾನ ಮಾಡಿ, ಎರಡು ಮೂರು ತಾಸು ಒಂದೇ ಒಂದು ಜಾಗವನ್ನು ನೋಡಿದರೆ ಸಾಕು. ಆಟಕ್ಕೆಂದು ಬಂದವರಿಗೆ ನಾನು ಹೇಳುವ ಜಾಗ ಹೊನ್ನಾವರದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲೇ ಸಿಗುವ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಅದು. ಅವರ ಮಗ ಶಂಭು ಹೆಗಡೆಯವರು ಕಟ್ಟಿದ ಯಕ್ಷಗಾನ ಶಿಕ್ಷಣ ಕೇಂದ್ರವೂ ಅಲ್ಲಿಯೇ ಇದೆ. ಮಂಡಳಿಗೆ ಹೆಸರು ಕೊಟ್ಟ ಇಡಗುಂಜಿಯ ಗಣಪತಿಯೂ ಅಲ್ಲಿಂದ ದೂರವಿಲ್ಲ. ಇದೇ ಹೊನ್ನಾವರ ತಾಲೂಕಿನವರು ಯಕ್ಷಗಾನದ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಪದ್ಮಶ್ರೀ ಪಡೆದ ಅವರು 2017ರಲ್ಲಿ ತೀರಿಕೊಳ್ಳುವವರೆಗೂ ರಂಗದ ನಂಟನ್ನು ಬಿಡಲಿಲ್ಲ. ಕೆರೆಮನೆಯವರ ಅಭಿಮಾನಿಗಳು, ಚಿಟ್ಟಾಣಿಯವರ ಅಭಿಮಾನಿಗಳು ಎಂದು ಮನೆಮನೆಗಳಲ್ಲಿ ವಾದ ನಡೆಯುತ್ತಿದ್ದ ಈ ನೆಲದಲ್ಲಿ, ಆ ವಾದವನ್ನು ಕೇಳುತ್ತ ಬೆಳೆದ ಮಕ್ಕಳೇ ಇಂದು ಅಭಿಮಾನಿ ಬಳಗದ ಆಟಗಳಲ್ಲಿ ಗೆಜ್ಜೆ ಕಟ್ಟುವ ಹವ್ಯಾಸಿಗಳು. ಅವರ ಕೀಚಕನ ನೋಟದಲ್ಲಿ, ಭಸ್ಮಾಸುರನ ಹೆಜ್ಜೆಯಲ್ಲಿ ಆ ಹಿರಿಯರ ಛಾಯೆ ಕಂಡರೆ ಅದನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕಬಾರದು. ಮೆಚ್ಚಿದ ಕಲಾವಿದನನ್ನು ಮೈಯಲ್ಲಿ ಉಳಿಸಿಕೊಳ್ಳುವ ದಾರಿ ಅದು.

ಶಿರಸಿಯಲ್ಲಿ ತಂಗಿದವರಿಗೆ ಮಾರಿಕಾಂಬೆಯ ದರ್ಶನ, ಶಾಲ್ಮಲಾ ನದಿಯ ಸಹಸ್ರಲಿಂಗ ಇವೆರಡರಲ್ಲಿ ಒಂದು ಸಾಕು.

ಮಧ್ಯಾಹ್ನದ ಊಟ ಮುಗಿಸಿ ಕಡ್ಡಾಯವಾಗಿ ಮಲಗಿ. ಎರಡರಿಂದ ಐದರವರೆಗಿನ ಈ ನಿದ್ದೆಯೇ ರಾತ್ರಿಯ ಬಂಡವಾಳ. ಎದ್ದು ಕಷಾಯವನ್ನೋ ಚಾವನ್ನೋ ಕುಡಿದು, ಆಟಕ್ಕೆ ಮೊದಲು ಹಗುರವಾದ ಊಟ ಮಾಡಿ. ಅಂದಿನ ಪ್ರಸಂಗದ ಕಥೆಯನ್ನು ಗೊತ್ತಿದ್ದವರಿಂದ ಕೇಳಿ ತಿಳಿದುಕೊಂಡಿದ್ದರೆ ಅರ್ಧ ಕೆಲಸ ಆದಂತೆಯೇ. ಯಕ್ಷಗಾನದಲ್ಲಿ ಕಥೆಯ ಮುಂದೇನೆಂಬ ಕುತೂಹಲಕ್ಕೆ ಬೆಲೆ ಕಡಿಮೆ. ಕೀಚಕ ಸಾಯುವುದು ಎಲ್ಲರಿಗೂ ಗೊತ್ತು, ಅವನು ಸೈರಂಧ್ರಿಯನ್ನು (ವೇಷ ಮರೆಸಿಕೊಂಡಿರುವ ದ್ರೌಪದಿಯನ್ನು) ಮೊದಲ ಸಲ ಕಾಣುವ ಗಳಿಗೆಯನ್ನು ಇಂದಿನ ವೇಷಧಾರಿ ಹೇಗೆ ತೋರಿಸುತ್ತಾನೆಂಬುದಕ್ಕೇ ಜನ ಕಾದಿರುತ್ತಾರೆ.

ಕೈಚೀಲದಲ್ಲಿ ಹೊದಿಕೆ, ಟೋಪಿ, ಟಾರ್ಚು, ನೀರು, ಹಾಸಿಕೊಳ್ಳಲು ಚಾಪೆ ಇರಲಿ. ಜನವರಿಯ ರಾತ್ರಿ ಕರಾವಳಿಯಲ್ಲಿಯೂ ಇಬ್ಬನಿ ಬೀಳುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚಳಿ ಕೊರೆಯುತ್ತದೆ. ಚಿಲ್ಲರೆ ದುಡ್ಡು ಮರೆಯಬೇಡಿ. ಮೈದಾನದ ಅಂಚಿನಲ್ಲಿ ಚಾ, ಚುರುಮುರಿ, ಶೇಂಗಾ ಮಾರುವವರ ಬಳಿ ನಡುರಾತ್ರಿ ಮೊಬೈಲಿನಿಂದ ಹಣ ಕಳಿಸಲು ಸಿಗ್ನಲ್ ಸಿಗುವ ಭರವಸೆ ಇಲ್ಲ.

ಚೌಕಿಯಿಂದ ಮಂಗಳದವರೆಗೆ

ಕರಪತ್ರದ ಸಮಯಕ್ಕಿಂತ ಒಂದು ತಾಸು ಮೊದಲೇ ತಲುಪಿ. ವೇಷ ಕಟ್ಟುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಲ್ಲಿ ಗಣಪತಿಯ ಪೂಜೆ ಆಗಿರುತ್ತದೆಯಾದ್ದರಿಂದ ಚಪ್ಪಲಿ ಹೊರಗೆ ಬಿಟ್ಟು, ‘ಒಳಗೆ ಬರಬಹುದೇ?’ ಎಂದು ಹಿರಿಯರೊಬ್ಬರನ್ನು ಕೇಳಿ, ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಬಹುದು. ವೇಷಧಾರಿಗಳು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಮುಂಡಾಸು, ಕೇದಗೆ ಮುಂದಲೆಗಳಂಥ ತಲೆಯ ಉಡುಗೆಗಳನ್ನು ಕಟ್ಟಿ ಬಿಗಿಯುವುದಕ್ಕೆ ಮಾತ್ರ ಇನ್ನೊಬ್ಬರ ಕೈ ಬೇಕು. ಹವ್ಯಾಸಿ ತಂಡಗಳು ವೇಷಭೂಷಣವನ್ನು ಹೆಚ್ಚಾಗಿ ಬಾಡಿಗೆಗೆ ತರುತ್ತವೆ, ಅದನ್ನು ತಂದವರೇ ಕಟ್ಟಿಕೊಡುತ್ತಾರೆ. ಈ ಹೊತ್ತಿನಲ್ಲಿ ಮಾತಿಗೆ ಎಳೆಯಬೇಡಿ. ಮೊದಲ ಸಲ ವೇಷ ಕಟ್ಟುವ ಹುಡುಗನೊಬ್ಬ ಮನಸ್ಸಿನಲ್ಲಿಯೇ ಪದ್ಯಗಳನ್ನು ಎಣಿಸುತ್ತಿರಬಹುದು. ಅರ್ಧ ವೇಷದಲ್ಲಿರುವವರ ಫೋಟೊವನ್ನು ಅನುಮತಿಯಿಲ್ಲದೆ ತೆಗೆಯುವುದೂ ಸಲ್ಲದು.

ಆಟಕ್ಕೆ ಮುಂಚೆ ಸಭಾ ಕಾರ್ಯಕ್ರಮ ಇರುತ್ತದೆ, ಕೆಲವೊಮ್ಮೆ ಒಂದು ತಾಸಿಗೂ ಹೆಚ್ಚು. ಹೊರಗಿನಿಂದ ಬಂದವರಿಗೆ ಬೇಸರವಾಗುವುದು ಸಹಜ. ಆದರೆ ಅಲ್ಲಿ ಶಾಲು ಹೊದಿಸಿಕೊಳ್ಳುವವರಲ್ಲಿ ಮುಪ್ಪಿನ ಮದ್ದಳೆಗಾರರೂ, ವರ್ಷಗಟ್ಟಲೆ ಊರಿನ ಆಟಕ್ಕೆ ಜಾಗ ಕೊಟ್ಟವರೂ, ಖರ್ಚು ಹೊತ್ತವರೂ ಇರುತ್ತಾರೆ. ಅವರಿಂದಾಗಿಯೇ ನಿಮಗೆ ಈ ಆಟ ಉಚಿತವಾಗಿ ಸಿಕ್ಕಿದೆ. ಕುಳಿತು ಚಪ್ಪಾಳೆ ತಟ್ಟಿ.

ಕುಳಿತುಕೊಳ್ಳಲು ರಂಗಸ್ಥಳದ ನೇರ ಎದುರಿನ ಮೊದಲ ಸಾಲುಗಳನ್ನು ಹಿರಿಯರಿಗೂ ಮಕ್ಕಳಿಗೂ ಬಿಡಬೇಕು. ಹತ್ತು ಹನ್ನೆರಡು ಸಾಲು ಹಿಂದೆ, ಸ್ವಲ್ಪ ಬದಿಗೆ ಕುಳಿತರೆ ಹೆಜ್ಜೆಗಾರಿಕೆಯೂ ಭಾಗವತರ ಮುಖವೂ ಒಟ್ಟಿಗೆ ಕಾಣುತ್ತವೆ. ಧ್ವನಿವರ್ಧಕದ ಬುಡದಲ್ಲಿ ಮಾತ್ರ ಕೂರಬೇಡಿ, ಚಂಡೆಯ ಪೆಟ್ಟಿಗೆ ಕಿವಿ ದಣಿಯುತ್ತದೆ. ಇಡೀ ರಾತ್ರಿಯ ಆಟವನ್ನು ಸಂಪ್ರದಾಯದಂತೆ ಆಡಿದರೆ ಮೊದಲು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬರುತ್ತವೆ. ಕಲಿಯುತ್ತಿರುವ ಮಕ್ಕಳು ಕುಣಿಯುವುದು ಇಲ್ಲಿಯೇ. ಪ್ರಸಂಗ ಶುರುವಾದ ಮೇಲೆ ಬಂದರಾಯಿತು ಎಂದು ಇದನ್ನು ಬಿಟ್ಟುಬಿಡುವವರು ಬಹಳ ಮಂದಿ. ಕಲೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದನ್ನು ಕಣ್ಣಾರೆ ಕಾಣಬೇಕಾದರೆ ಇದನ್ನು ಬಿಡಬಾರದು.

ಪ್ರಸಂಗ ನಡೆಯುವ ರೀತಿಯನ್ನು ತಿಳಿದಿದ್ದರೆ ನೋಡುವುದು ಸುಲಭವಾಗುತ್ತದೆ. ಕವಿ ಬರೆದಿಟ್ಟಿರುವುದು ಪದ್ಯಗಳನ್ನು ಮಾತ್ರ. ಭಾಗವತರು ಪದ್ಯವನ್ನು ಎತ್ತಿಕೊಂಡು ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿದು ಅಭಿನಯಿಸುತ್ತಾನೆ, ಹಾಡು ನಿಂತ ಮೇಲೆ ಆ ಪದ್ಯದ ಭಾವವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಈ ಮಾತಿಗೆ ಬರೆದಿಟ್ಟ ಪಾಠವಿಲ್ಲ. ಎದುರಿನ ಪಾತ್ರ ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೊಳೆಯಬೇಕು. ಆದ್ದರಿಂದ ಒಂದೇ ಪ್ರಸಂಗ ಎರಡು ಊರುಗಳಲ್ಲಿ ಎರಡು ಆಟವಾಗುತ್ತದೆ. ಹವ್ಯಾಸಿಗಳ ಆಟದ ರುಚಿಯಿರುವುದೂ ಇಲ್ಲಿಯೇ: ಶಾಲೆಯಲ್ಲಿ ಕನ್ನಡ ಕಲಿಸುವವರು ಕೃಷ್ಣನ ಮಾತಿಗೆ ತಾವು ಓದಿದ್ದನ್ನೆಲ್ಲ ತರುತ್ತಾರೆ, ಹಾಸ್ಯದ ಪಾತ್ರದವರು ಊರಿನವರಿಗೆ ಮಾತ್ರ ತಿಳಿಯುವ ಸಂಗತಿಯೊಂದನ್ನು ಎತ್ತಿ ಮೈದಾನವನ್ನೆಲ್ಲ ನಗಿಸುತ್ತಾರೆ. ತಿಳಿಯದಿದ್ದರೆ ಪಕ್ಕದವರನ್ನು ಕೇಳಿ. ‘ಅಣ್ಣಾ, ಈಗೇನು ಹೇಳಿದ್ರು?’ ಎಂದರೆ ಸಂತೋಷದಿಂದ ವಿವರಿಸುತ್ತಾರೆ, ಈ ಪಾತ್ರವನ್ನು ಹಿಂದೆ ಯಾರು ಹೇಗೆ ಮಾಡುತ್ತಿದ್ದರೆಂಬುದನ್ನೂ ಸೇರಿಸಿ ಹೇಳುತ್ತಾರೆ.

ಏಕ, ಝಂಪೆ, ರೂಪಕ, ಅಷ್ಟ, ತ್ರಿವುಡೆ ಎಂದು ತಾಳಗಳನ್ನು ಗುರುತಿಸಲು ಬಾರದಿದ್ದರೂ ಚಿಂತೆಯಿಲ್ಲ. ಮದ್ದಳೆಯೊಂದೇ ನುಡಿಯುತ್ತಿದ್ದಾಗ ಶೃಂಗಾರವೋ ಕರುಣೆಯೋ ನಡೆದಿದೆಯೆಂದೂ, ಚಂಡೆ ಸೇರಿಕೊಂಡಾಗ ವೀರವೋ ರೌದ್ರವೋ ಏರುತ್ತಿದೆಯೆಂದೂ ಮೊದಲಿಗೆ ತಿಳಿದರೆ ಸಾಕು. ಎರಡನೆಯ ಆಟದ ಹೊತ್ತಿಗೆ ಕಿವಿ ತಾನಾಗಿಯೇ ಮುಂದಿನದನ್ನು ಕಲಿತಿರುತ್ತದೆ.

ಹವ್ಯಾಸಿಗಳ ಆಟದಲ್ಲಿ ಕೊರತೆಗಳು ಇದ್ದೇ ಇರುತ್ತವೆ. ಹೆಜ್ಜೆ ಒಮ್ಮೆ ತಾಳ ಬಿಡಬಹುದು, ಮಾತು ನಡುವೆ ತಡವರಿಸಬಹುದು, ಆಗ ಭಾಗವತರು ಪದ್ಯದ ಸಾಲನ್ನು ಮತ್ತೊಮ್ಮೆ ಎತ್ತಿ ವೇಷಧಾರಿಗೆ ದಾರಿ ತೋರಿಸುತ್ತಾರೆ. ಆ ಗಳಿಗೆಯಲ್ಲಿ ಭಾಗವತರನ್ನು ನೋಡಿ. ಇಡೀ ಆಟವನ್ನು ನಡೆಸುವವರು ಅವರೇ ಎಂಬುದು ನುರಿತ ಮೇಳದ ಆಟಕ್ಕಿಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅತಿಥಿ ಕಲಾವಿದರ ವೇಷ ಮುಗಿದ ತಕ್ಷಣ ಎದ್ದು ಹೋಗುವ ಚಾಳಿ ಈಚೆಗೆ ಬೆಳೆದಿದೆ. ಅದು ಆ ನಂತರ ರಂಗಕ್ಕೆ ಬರುವ ಊರಿನ ವೇಷಧಾರಿಗೆ ಮಾಡುವ ನೋವು. ಅವರ ಆಟಕ್ಕೆಂದೇ ಬಂದ ನಾವು ಕೊನೆಯವರೆಗೆ ಕೂರಬೇಕು. ನಿದ್ದೆ ತಡೆಯದಿದ್ದರೆ ಚಾಪೆಯಲ್ಲಿ ಅರ್ಧ ತಾಸು ಒರಗಿ ಮತ್ತೆ ಎದ್ದರಾಯಿತು. ಊರಿನವರೂ ಹಾಗೆಯೇ ಮಾಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಮೊಬೈಲಿನ ಬೆಳಕು ಹಿಂದಿನವರ ಕಣ್ಣಿಗೆ ಬೀಳದಿರಲಿ. ಪೂರ್ತಿ ಆಟವನ್ನು ಚಿತ್ರೀಕರಿಸಿ ಜಾಲದಲ್ಲಿ ಹಾಕುವುದಾದರೆ ಸಂಘಟಕರನ್ನೂ ಭಾಗವತರನ್ನೂ ಕೇಳಿಯೇ ಹಾಕಬೇಕು. ಟಿಕೆಟ್ ಇಲ್ಲದ ಆಟವೆಂದರೆ ಖರ್ಚಿಲ್ಲದ ಆಟವಲ್ಲ. ಹಿಮ್ಮೇಳದ ಸಂಭಾವನೆ, ವೇಷಭೂಷಣದ ಬಾಡಿಗೆ, ದೀಪ, ಧ್ವನಿವರ್ಧಕ, ಕುರ್ಚಿ, ಚೌಕಿಯವರ ಊಟ ಎಲ್ಲವನ್ನೂ ಕೆಲವೇ ಮಂದಿ ಹೊತ್ತಿರುತ್ತಾರೆ. ಸಂಘಟಕರಲ್ಲಿ ಒಬ್ಬರನ್ನು ಕಂಡು, ನಿಮ್ಮ ಊರಿನ ಒಂದು ಸಿನಿಮಾ ಟಿಕೆಟ್ಟಿನ ಬೆಲೆಯಷ್ಟನ್ನಾದರೂ ದೇಣಿಗೆಯಾಗಿ ಕೊಟ್ಟು ರಸೀದಿ ಪಡೆಯಿರಿ. ಇಷ್ಟವಾದ ವೇಷಧಾರಿಯನ್ನು ಆಟ ಮುಗಿದ ಮೇಲೆ ಚೌಕಿಯಲ್ಲಿ ಕಂಡು, ಯಾವ ಪದ್ಯದಲ್ಲಿ ಏನು ಹಿಡಿಸಿತೆಂದು ಹೇಳಿ ಬನ್ನಿ. ‘ಚೆನ್ನಾಗಿತ್ತು’ ಎಂಬ ಮಾತಿಗಿಂತ ಅದು ಅವರಿಗೆ ಬಹುಕಾಲ ನೆನಪಿರುತ್ತದೆ.

ಭಾನುವಾರ

ಕೋಣೆಗೆ ಬಂದು ಮಧ್ಯಾಹ್ನದವರೆಗೆ ಮಲಗಿ. ಎದ್ದ ಮೇಲೆ ಅಪ್ಪೆಹುಳಿ, ತಂಬುಳಿಗಳಿರುವ ಊಟ ಸಿಕ್ಕರೆ ರಾತ್ರಿ ಜಾಗರಣೆಯ ಮೈಬಿಸಿ ಇಳಿಯುತ್ತದೆ. ಬೆಂಗಳೂರಿನ ರೈಲು ಸಂಜೆ ಕಾರವಾರದಿಂದ ಹೊರಡುವುದರಿಂದ ಕುಮಟಾ, ಹೊನ್ನಾವರಗಳಲ್ಲಿ ಹತ್ತುವವರಿಗೆ ಮಧ್ಯಾಹ್ನದ ನಂತರ ಸ್ವಲ್ಪ ಬಿಡುವು ಇರುತ್ತದೆ. ಹೊನ್ನಾವರದವರು ಶರಾವತಿ ಕಡಲು ಸೇರುವ ಕಾಸರಕೋಡಿನ ತೀರಕ್ಕೆ, ಶಿರಸಿಯವರು ಸುಮಾರು 23 ಕಿಲೋಮೀಟರ್ ದೂರದ ಬನವಾಸಿಗೆ ಹೋಗಿಬರಬಹುದು. ಕಾರವಾರದಿಂದಲೇ ರೈಲು ಹಿಡಿಯುವವರು ಒಂದು ತಾಸು ಮೊದಲು ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋಗಬಹುದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದ 1880ರ ದಶಕದಲ್ಲಿ ತರುಣ ರವೀಂದ್ರರು ಬಂದು ತಂಗಿ ಒಂದು ನಾಟಕವನ್ನು ಬರೆದದ್ದು ಈ ಊರಿನಲ್ಲಿಯೇ. ಅದೇ ತೀರದ ಮಯೂರವರ್ಮ ವೇದಿಕೆಯಲ್ಲಿ ಬಯಲಿನ ಕಾರ್ಯಕ್ರಮಗಳು ನಡೆಯುತ್ತವೆ; ಇಡೀ ರಾತ್ರಿ ಕೂರಲಾಗದ ವೃದ್ಧರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಅಲ್ಲಿ ಯಕ್ಷಗಾನ ಇರುವ ಸಂಜೆಯನ್ನು ವಿಚಾರಿಸಿಕೊಂಡು ಮೊದಲ ಆಟವನ್ನು ಅಲ್ಲಿಯೇ ತೋರಿಸಬಹುದು. ವಾಪಸು ಬರುವ ಟಿಕೆಟ್ಟನ್ನು ಮಾತ್ರ ಮಲಗಿ ಬರುವಂತೆ ಕಾದಿರಿಸಿಡಿ, ಸಾಧ್ಯವಾದರೆ ಸೋಮವಾರ ಅರ್ಧ ದಿನ ರಜೆಯನ್ನೂ ಹಾಕಿಡಿ.